ನೀರು ಮರೆತರೂ ಬದುಕುವ ಗಿಡ

"ನೀರು ಹಾಕೋದು ಮರೆತರೂ ಸಾಯಬಾರದು. ಅಂಥದ್ದು ಯಾವುದಿದೆ ಹೇಳಿ."

ನರ್ಸರಿಯ ಹೆಂಗಸು ಕೈಯಲ್ಲಿದ್ದ ಪೈಪನ್ನು ಕುಂಡಗಳ ನಡುವೆ ಇಳಿಬಿಟ್ಟು, ಬಂದವಳನ್ನು ನೋಡಿದಳು. ಹೂವಿನ ಗಿಡ ಕೇಳುವವರು, ನೆರಳಿನ ಗಿಡ ಕೇಳುವವರು, ಪಕ್ಕದ ಮನೆಯಲ್ಲಿರುವಂಥದ್ದೇ ಬೇಕೆಂದು ಹಟ ಹಿಡಿಯುವವರು ದಿನಾ ಬರುತ್ತಿದ್ದರು. ಸಾಯದ ಗಿಡ ಹುಡುಕಿಕೊಂಡು ಬಂದವಳು ಇವಳೇ ಮೊದಲು.

"ಯಾಕೆ, ಮನೇಲಿ ಯಾರೂ ಇರಲ್ವಾ?"

"ಇರ್ತಾರೆ. ಇದ್ದೂ ಇಲ್ಲದ ಹಾಗೆ."

"ಯಜಮಾನ್ರಾ?" ನರ್ಸರಿಯವಳು ನಕ್ಕಳು.

"ಹೂಂ. ಪ್ಲಾಸ್ಟಿಕ್ ಗಿಡ ಕೊಟ್ಟರೂ ಒಣಗಿಸೋ ಆಸಾಮಿ."

"ಹಾಗಾದ್ರೆ ಹೂವಿನ ತಂಟೆ ಬೇಡ. ಹಣ್ಣಿನ ಪೊದೆ ತಗೊಳ್ಳಿ." ಅವಳು ಹಿಂದಿನ ಸಾಲಿಗೆ ಕರೆದುಕೊಂಡು ಹೋದಳು. ಅಗಲ ಎಲೆಯ ಗಿಡ್ಡ ಜಾತಿಯ ಹಿಪ್ಪುನೇರಳೆ, ಮುಳ್ಳಿನ ಕವಳೆ, ಎಲೆಯ ಸಂದಿಯಲ್ಲಿ ಆಗಲೇ ಕೆಂಪು ಕಾಯಿ ಇಟ್ಟುಕೊಂಡಿದ್ದ ಚೆರ್ರಿ. "ಇವಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಬೇರು ಹಿಡಿಯೋವರೆಗೆ ಒಂಚೂರು ನೋಡ್ಕೊಳ್ಳಿ ಸಾಕು. ಆಮೇಲೆ ಇವು ನಿಮ್ಮನ್ನ ಕ್ಯಾರೇ ಅನ್ನಲ್ಲ."

"ಎಷ್ಟು ವರ್ಷ ಇರ್ತವೆ?"

"ನಾವಿರೋವರೆಗೂ ಇರ್ತವೆ. ಆಮೇಲೂ ಇರ್ತವೆ."

"ಅಂದ್ರೆ ನಾನಿಲ್ಲದಿದ್ರೂ ಪರವಾಗಿಲ್ಲ."

"ಎಲ್ಲಿಗಾದ್ರೂ ಹೊರಟಿದೀರಾ ಮೇಡಂ?"

ಅವಳು ಎಡಹೆಗಲ ಮೇಲಿದ್ದ ಚೀಲವನ್ನು ಬಲಹೆಗಲಿಗೆ ಬದಲಾಯಿಸಿಕೊಂಡಳು. "ಇನ್ನೂ ಗೊತ್ತಿಲ್ಲ," ಎಂದಳು.

ಅವಳು ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸುಗಳ ಅಂಚು ಉಜ್ಜುವ ಕೆಲಸ ಮಾಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ದೀಪ, ಕನ್ನಡಿ, ಗಿರಾಕಿಗಳು. ಹಿಂದೆ ನೀರು ತೊಟ್ಟಿಕ್ಕುವ ಚಕ್ರ, ಗಾಜಿನ ಬಿಳಿ ಕೆಸರು, ಅವಳು. ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಗಾಜಿನಕ್ಕ. ಲೆನ್ಸನ್ನು ಚಕ್ರಕ್ಕೆ ಹಿಡಿದು ನಯ ಮಾಡಿದ ಮೇಲೆ ಕಣ್ಣು ಮುಚ್ಚಿಕೊಂಡು ಅಂಚಿನ ಸುತ್ತ ಒಮ್ಮೆ ಹೆಬ್ಬೆರಳು ಆಡಿಸುತ್ತಿದ್ದಳು. ಕಣ್ಣಿಗೆ ಕಾಣದ ತರಕಲು ಬೆರಳಿಗೆ ಸಿಗುತ್ತಿತ್ತು. "ನಮ್ಮ ಗಾಜಿನಕ್ಕನ ಬೆರಳು ಪಾಸ್ ಮಾಡಿದ್ರೆ ಮುಗೀತು," ಎಂದು ಮಾಲೀಕ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಆ ಹೆಬ್ಬೆರಳು ಅವತ್ತು ಬೆಳಿಗ್ಗೆ ಬಚ್ಚಲುಮನೆಯಲ್ಲಿ, ಎಡ ಎದೆಯ ಹೊರಬದಿಯಲ್ಲಿ, ಸೋಪಿನ ನೊರೆಯ ಅಡಿಯಲ್ಲಿ ನಿಂತುಬಿಟ್ಟಿತ್ತು. ಬಟಾಣಿಗಿಂತ ಸ್ವಲ್ಪ ದೊಡ್ಡದು. ನೋವಿಲ್ಲ. ಒತ್ತಿದರೆ ಜರುಗುವುದಿಲ್ಲ. ಬೇರೆ ಯಾರ ಬೆರಳಾಗಿದ್ದರೂ ಅದನ್ನು ದಾಟಿಕೊಂಡು ಮುಂದೆ ಹೋಗಿರುತ್ತಿತ್ತು. ಅವಳು ನೀರು ಹೊಯ್ದುಕೊಂಡು ನೊರೆ ತೊಳೆದು ಮತ್ತೊಮ್ಮೆ ಮುಟ್ಟಿ ನೋಡಿದಳು. ಬಲಗಡೆ ಮುಟ್ಟಿ ನೋಡಿದಳು. ಮತ್ತೆ ಎಡಗಡೆ. ಹೊರಗಿನಿಂದ ಮಗಳು ಬಾಗಿಲು ಬಡಿದು, "ಅಮ್ಮಾ, ಒಳಗೇ ಸಂಸಾರ ಹೂಡಿದೀಯಾ? ನಂಗೆ ಸ್ಕೂಲಿಗೆ ಹೊತ್ತಾಯ್ತು," ಎಂದು ಕೂಗಿದಾಗ ಅವಳ ಮೈ ಆಗಲೇ ಒಣಗಿತ್ತು.

ಆಸ್ಪತ್ರೆಗೆ ಹೋಗಲಿಲ್ಲ. ಸಂಜೆ ಕೆಲಸ ಮುಗಿಸಿ ಮನೆಯ ಬಸ್ಸು ಹತ್ತಿದವಳು ನರ್ಸರಿಯ ಬೋರ್ಡು ಕಂಡ ಕೂಡಲೇ ಎದ್ದು ಇಳಿದುಬಿಟ್ಟಳು. ದಿನವಿಡೀ ಅವಳ ಕಣ್ಣಿಗೆ ಕಟ್ಟಿದ್ದು ಒಂದು ಗುಲಾಬಿ ಗಿಡ. ಕೆಲವು ವರ್ಷಗಳ ಹಿಂದೆ ತಂಗಿಯ ಬಾಣಂತನಕ್ಕೆಂದು ಹೋಗಿ ಬಂದಾಗ ಹಿತ್ತಲಿನ ಗುಲಾಬಿ ಕಡ್ಡಿಯಾಗಿ ನಿಂತಿತ್ತು. "ನೀರು ಹಾಕಿದ್ದೆ ಕಣೇ, ಮೊನ್ನೆ ಅಂತ ಕಾಣುತ್ತೆ," ಎಂದಿದ್ದ ಗಂಡ. ಕೆಟ್ಟವನಲ್ಲ. ಲಿಫ್ಟ್ ರಿಪೇರಿಯವನು. ಊರಿನ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಅನ್ನದ ತಟ್ಟೆ ಬಿಟ್ಟು ಓಡುತ್ತಿದ್ದ. ಮನೆಯ ನೆನಪು ಮಾತ್ರ ಮನೆಗೆ ಬಂದ ಮೇಲೆಯೇ ಆಗುತ್ತಿತ್ತು. ಆಗ ಅದೊಂದು ನಗುವ ಸಂಗತಿಯಾಗಿತ್ತು. ಈಗ ಅವಳು ಬಸ್ಸಿನ ಕಂಬಿ ಹಿಡಿದುಕೊಂಡು, ತಾನಿಲ್ಲದ ಮನೆಯಲ್ಲಿ ಒಣಗಬಹುದಾದದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಳು.

ಗಿಡಗಳನ್ನು ರವಿವಾರ ಹಿತ್ತಲ ಗೋಡೆಯುದ್ದಕ್ಕೂ ನೆಟ್ಟಳು. ಗುದ್ದಲಿ ಹಿಡಿದಾಗ ಎಡಗೈಯನ್ನು ಮೈಗೆ ಒತ್ತಿಕೊಂಡೇ ಅಗೆದಳು. ಗಂಡ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನಿದು, ಕಾಡು ಮಾಡ್ತಿದೀಯಾ?"

"ಹಣ್ಣಿನ ಗಿಡ. ಇವಕ್ಕೆ ಏನೂ ಮಾಡಬೇಕಿಲ್ಲ. ನಿಮ್ಮ ಕೈಲೂ ಇವನ್ನ ಸಾಯಿಸಕ್ಕಾಗಲ್ಲ."

"ಮೇಂಟೆನೆನ್ಸ್ ಇಲ್ಲದೆ ನಡೆಯೋದು ಪ್ರಪಂಚದಲ್ಲಿ ಯಾವುದೂ ಇಲ್ಲ," ಎಂದ ಅವನು, ತನ್ನ ಕಸುಬಿಗೆ ಅವಮಾನವಾದವನಂತೆ.

"ಇದೆ. ನೋಡ್ತಾ ಇರಿ."

ಹೊಸ ಚಿಗುರು ಬಂದ ದಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದುಕೊಂಡಳು. ಚಿಗುರು ಬಂತು. ಹಿಪ್ಪುನೇರಳೆಯ ಗಿಣ್ಣಿನಲ್ಲಿ ಎಳೆಯ ಎಲೆ ಮಡಿಕೆ ಬಿಚ್ಚಿಕೊಂಡು ನಿಂತದ್ದನ್ನು ಅವಳು ಬೆಳಿಗ್ಗೆ ಹಲ್ಲುಜ್ಜುತ್ತ ನೋಡಿದಳು. ಮಗಳ ಪರೀಕ್ಷೆ ಮುಗಿಯಲಿ ಎಂದುಕೊಂಡಳು. ಪರೀಕ್ಷೆ ಮುಗಿಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿಯಾಯಿತು. ಚೆರ್ರಿ ಹೂಬಿಟ್ಟ ಮೇಲೆ ನೋಡೋಣ. ದಿನವೂ ಬಚ್ಚಲುಮನೆಯಲ್ಲಿ ಬೆರಳು ತನ್ನಷ್ಟಕ್ಕೆ ಅಲ್ಲಿಗೆ ಹೋಗುತ್ತಿತ್ತು. ಕೆಲವು ದಿನ ಅದು ಚಿಕ್ಕದಾಗಿದೆ ಎನ್ನಿಸುತ್ತಿತ್ತು. ಆ ದಿನಗಳಲ್ಲಿ ಅವಳು ಬಸ್ಸಿನಲ್ಲಿ ಅಪರಿಚಿತರಿಗೂ ಸೀಟು ಬಿಟ್ಟುಕೊಡುತ್ತಿದ್ದಳು. ಮಾರನೆಯ ದಿನ ಅದು ಹಾಗೇ ಇರುತ್ತಿತ್ತು. ಬೆರಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಮನೆಯಲ್ಲಿ ಅವಳು ಪಾಠ ಶುರುಮಾಡಿದಳು. ಹದಿನಾರರ ಮಗಳನ್ನು ಒಲೆಯ ಮುಂದೆ ನಿಲ್ಲಿಸಿ ಬೇಳೆಗೆ ಎಷ್ಟು ನೀರು, ಕುಕ್ಕರಿನ ರಬ್ಬರು ಸಡಿಲವಾದರೆ ಏನು ಮಾಡಬೇಕು, ಅಪ್ಪನ ಗ್ರೀಸ್ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಯಾಕೆ ಹಾಕಬಾರದು ಎಂದು ಹೇಳಿಕೊಟ್ಟಳು. ಹೇಳಿದ್ದನ್ನೇ ಮತ್ತೆ ಹೇಳಿಸಿದಳು. ತಪ್ಪಿದರೆ ರೇಗಿದಳು.

"ಏನಮ್ಮಾ ನಿಂದು? ನನ್ನನ್ನ ಯಾರಿಗಾದ್ರೂ ಕಟ್ಟಿ ಕಳಿಸೋ ಪ್ಲಾನಾ?"

"ಮೊದಲು ಅನ್ನ ಸೀಯದ ಹಾಗೆ ಮಾಡೋದು ಕಲಿ. ಯಾವನಾದ್ರೂ ಒಪ್ಕೊಂಡರೆ ಆಮೇಲೆ ನೋಡೋಣ."

ಮಗಳು ನಕ್ಕಳು. ಅವಳೂ ನಕ್ಕಳು. ನಗುತ್ತಲೇ ಸಿಂಕಿನ ಕಡೆ ತಿರುಗಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು.

ಅವಳ ಗಮನವೆಲ್ಲ ಮಗಳ ಮೇಲಿದ್ದುದರಿಂದ ಹಿತ್ತಲಿನಲ್ಲಿ ನಡೆಯುತ್ತಿದ್ದದ್ದು ಗೊತ್ತಾಗಲಿಲ್ಲ. 'ನಿಮ್ಮ ಕೈಲೂ ಸಾಯಿಸಕ್ಕಾಗಲ್ಲ' ಎಂದ ಮಾತು ಗಂಡನಿಗೆ ಎಲ್ಲೋ ನಾಟಿತ್ತು. ಬೆಳಿಗ್ಗೆ ಅವಳು ಬಸ್ಸಿಗೆ ಹೊರಟ ಮೇಲೆ ಅವನು ಬಕೆಟ್ಟು ತುಂಬಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಲಿಫ್ಟಿನ ಒಂದೊಂದು ನಟ್ಟನ್ನೂ ಬಿಗಿ ಮಾಡುವಷ್ಟೇ ಶ್ರದ್ಧೆಯಿಂದ ಒಂದೊಂದು ಗಿಡದ ಬುಡಕ್ಕೂ ನೀರು ಹೊಯ್ಯುತ್ತಿದ್ದ. ಸಂಜೆ ಬೇಗ ಬಂದರೆ ಮತ್ತೊಮ್ಮೆ. ನೀರು ಆಚೆ ಹರಿಯಬಾರದೆಂದು ಸುತ್ತ ಇಟ್ಟಿಗೆ ಚೂರು ಇಟ್ಟು ಕಟ್ಟೆಯನ್ನೂ ಕಟ್ಟಿದ್ದ. ಒಂದು ದಿನ ಹೆಂಡತಿಯನ್ನು ಕರೆದು ತೋರಿಸಬೇಕೆಂದು ಅವನ ಮನಸ್ಸಿನಲ್ಲಿತ್ತು.

ಅವಳೇ ನೋಡಿದಳು. ಅವತ್ತು ಅಂಗಡಿಗೆ ರಜೆ. ಬಟ್ಟೆ ಒಣಹಾಕಲು ಬಂದವಳು ಕವಳೆ ಗಿಡದ ಮುಂದೆ ಹಾಗೇ ನಿಂತಳು. ಎಲೆಗಳು ಹಳದಿಯಾಗಿ ಬುಡದ ಸುತ್ತ ಉದುರಿದ್ದವು. ಮಣ್ಣು ಅಂಬಲಿಯಂತೆ ಕದಡಿ ವಾಸನೆ ಹೊಡೆಯುತ್ತಿತ್ತು. ಹಿಪ್ಪುನೇರಳೆಯೂ ತಲೆ ಬಾಗಿಸಿತ್ತು. ಹಿಂದಿನಿಂದ ಗಂಡ ತುಂಬಿದ ಬಕೆಟ್ಟು ಎತ್ತಿಕೊಂಡು, ಒಂದು ಬದಿಗೆ ವಾಲಿಕೊಂಡು ಬಂದ.

"ಯಾರು ಹೇಳಿದ್ದು ನಿಮಗೆ?"

"ಏನು?"

"ನೀರು! ಯಾರು ಹೇಳಿದ್ದು?"

"ಯಾಕೋ ಬಾಡ್ತಿದಾವೆ ಕಣೇ. ಅದಕ್ಕೇ ನಾಲ್ಕು ದಿನದಿಂದ ಜಾಸ್ತಿ ಹಾಕ್ತಿದೀನಿ."

ಅವಳು ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಎಸೆದಳು. ನೀರು ಅವನ ಪ್ಯಾಂಟಿನ ಮೇಲೆ ಚೆಲ್ಲಿ, ಬಕೆಟ್ಟು ಒಗೆಯುವ ಕಲ್ಲಿಗೆ ಬಡಿದು ಉರುಳಿತು.

"ಏನೂ ಮಾಡಬಾರದು ಅಂತಲೇ ಇವನ್ನ ತಂದಿದ್ದು! ನಿಮ್ಮಿಂದ ಏನೂ ಆಗಲ್ಲ ಅಂತ ಗೊತ್ತಿದ್ದೇ ತಂದಿದ್ದು! ಏನೂ ಮಾಡದೆ ಇರೋದೂ ಬರಲ್ವಾ ನಿಮಗೆ? ಅಷ್ಟೂ ಬರಲ್ವಾ? ನಾಳೆ ಈ ಮನೆ ಹೆಂಗೆ ನಡೆಯುತ್ತೆ? ಆ ಹುಡುಗಿ ಗತಿ ಏನು?"

ಅಡುಗೆಮನೆಯ ಬಾಗಿಲಲ್ಲಿ ಮಗಳು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ನಿಂತಿದ್ದಳು. ಗಂಡ ಒದ್ದೆ ಪ್ಯಾಂಟಿನಲ್ಲಿ ಅಲ್ಲಾಡದೆ ನಿಂತಿದ್ದ. ಒಂದು ಗಿಡಕ್ಕೆ ಇಷ್ಟೊಂದು ಸಿಟ್ಟೇ ಎಂದು ಅವನ ಮುಖ ಕೇಳುತ್ತಿತ್ತು.

ಅವಳು ರಜೆಯಿದ್ದರೂ ಅಂಗಡಿಗೆ ಹೋದಳು. ತನ್ನ ಬಳಿ ಇದ್ದ ಬೀಗದ ಕೈಯಿಂದ ಹಿಂದಿನ ಕೋಣೆ ತೆರೆದು, ಯಾರೋ ಅಜ್ಜಿಯ ದಪ್ಪ ಲೆನ್ಸನ್ನು ಚಕ್ರಕ್ಕೆ ಹಿಡಿದಳು. ಯಾರೂ ನೋಡಿಕೊಳ್ಳದಿದ್ದರೂ ಬದುಕುತ್ತವೆ ಎಂದಿದ್ದಳು ನರ್ಸರಿಯವಳು. ನೋಡಿಕೊಂಡರೆ ಸಾಯುತ್ತವೆ ಎಂದು ಹೇಳಿರಲಿಲ್ಲ. ಮನಸ್ಸಿನಲ್ಲಿ ಕುಕ್ಕರು, ಮಗಳ ಕಾಲೇಜು, ಗಂಡನ ಬಿ.ಪಿ. ಮಾತ್ರೆ, ತಿಂಗಳುಗಟ್ಟಲೆ ತೊಳೆಯದ ನೀರಿನ ಟ್ಯಾಂಕು ಸಾಲುಗಟ್ಟಿ ಬಂದವು. ಕರ್ ಎಂಬ ಶಬ್ದಕ್ಕೆ ಎಚ್ಚರವಾದಾಗ ಲೆನ್ಸಿನ ಅಂಚು ಚಕ್ಕೆ ಎದ್ದುಹೋಗಿತ್ತು. ಹೆಬ್ಬೆರಳಲ್ಲಿ ರಕ್ತ. ಇಷ್ಟು ವರ್ಷಗಳಲ್ಲಿ ಅವಳು ಕೆಡಿಸಿದ ಲೆನ್ಸುಗಳು ಅವಳಿಗೆ ಒಂದೊಂದಾಗಿ ನೆನಪಿರುವಷ್ಟು ಕಡಿಮೆ.

ಸಂಜೆ ಮನೆಗೆ ಬಂದಾಗ ಗಂಡ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಇಟ್ಟಿಗೆಯ ಕಟ್ಟೆಗಳೆಲ್ಲ ಮಾಯವಾಗಿದ್ದವು. ಬುಡದ ಮಣ್ಣು ಸಡಿಲ ಮಾಡಿ ನೀರು ಹರಿದುಹೋಗಲು ಸಣ್ಣ ಕಾಲುವೆ ತೋಡಿದ್ದ. ಕವಳೆ ಇದ್ದ ಜಾಗದಲ್ಲಿ ಒಂದು ಗುಂಡಿ.

"ಗಿಡ ತಗೊಂಡು ನರ್ಸರಿಗೆ ಹೋಗಿದ್ದೆ," ಎಂದ. "ಕವಳೆ ಬೇರು ಕೊಳೆತುಹೋಗಿದೆ ಅಂದ್ರು. ಮಿಕ್ಕಿದ್ದಕ್ಕೆ ಇನ್ನೂ ಜೀವ ಇದೆಯಂತೆ."

ಅವಳು ಚೀಲವನ್ನು ಮೆಟ್ಟಿಲ ಮೇಲಿಟ್ಟಳು.

"ಗಿಡ ನೋಡಿ ನಿನ್ನ ಗುರುತು ಹಿಡಿದು ಅವರು ಇನ್ನೊಂದು ಮಾತು ಕೇಳಿದ್ರು. 'ಮೇಡಂ ಹೊರಟೇಬಿಟ್ರಾ?' ಅಂತ." ಅವನು ತಲೆ ಎತ್ತಲಿಲ್ಲ. "ಎಲ್ಲಿಗೆ ಅಂದೆ. 'ಗೊತ್ತಿಲ್ಲ, ನಾನಿಲ್ಲದಿದ್ರೂ ಬದುಕೋ ಗಿಡ ಕೊಡಿ ಅಂತ ಕೇಳಿದ್ರು' ಅಂದ್ರು."

ಪಕ್ಕದ ಮನೆಯಲ್ಲಿ ಯಾರೋ ಮಿಕ್ಸಿ ಹಾಕಿದರು. ಅದು ನಿಂತ ಮೇಲೆ ಅವನು ತಲೆ ಎತ್ತಿದ.

"ಎಲ್ಲಿಗೆ ಹೋಗ್ತಿದೀಯ ನೀನು?" ಅವನ ದನಿ ತೀರಾ ಸಣ್ಣದಾಗಿತ್ತು. "ನನ್ನ ಬಿಟ್ಟು ಹೋಗ್ತಿದೀಯಾ? ಹೇಳು. ಪುಟ್ಟಿಗೆ ಅಡುಗೆ ಕಲಿಸ್ತಿರೋದು ಅದಕ್ಕೇನಾ? ನಾನು... ನಾನು ಮನೆ ಕಡೆ ಗಮನ ಕೊಡಲ್ಲ, ನಿಜ. ನಂಗೊತ್ತು. ಆದ್ರೆ ಹೇಳದೆ ಕೇಳದೆ ಹಿಂಗೆ..."

ಅವಳಿಗೆ ನಗು ಬಂತು. ತಡೆದುಕೊಂಡಷ್ಟೂ ಉಕ್ಕಿತು. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನು ಗಾಬರಿಯಿಂದ ಎದ್ದು ಬಂದ. ನಗು ಯಾವಾಗ ಬೇರೇನೋ ಆಯಿತೆಂದು ಅವಳಿಗೇ ತಿಳಿಯಲಿಲ್ಲ. ಅವನ ಬಲಗೈ ಹಿಡಿದು ಎಳೆದು, ಎದೆಯ ಬದಿಗೆ ಇಟ್ಟುಕೊಂಡಳು.

"ಇಲ್ಲಿ."

"ಏನು?"

"ಇಲ್ಲಿ ನೋಡಿ."

"ಏನೂ ಇಲ್ಲವಲ್ಲೇ."

"ಇನ್ನೊಂಚೂರು ಆಚೆ. ಒತ್ತಿ. ನೋವಾಗಲ್ಲ."

ಗ್ರೀಸಿನ ವಾಸನೆಯ ಒರಟು ಬೆರಳುಗಳು ಬಟ್ಟೆಯ ಮೇಲೆ ಅತ್ತಿತ್ತ ಹುಡುಕಾಡಿದವು. ಆಮೇಲೆ ನಿಂತವು. ಅವನು ಕೈ ತೆಗೆಯಲಿಲ್ಲ. ಕೈ ತೆಗೆದರೆ ಒಳಗಿರುವುದು ಬಿದ್ದುಹೋಗುತ್ತದೆ ಎನ್ನುವವನಂತೆ ಹಾಗೇ ಹಿಡಿದುಕೊಂಡಿದ್ದ.

ಮಾರನೆಯ ದಿನವೇ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮನ ಕೋಣೆ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲು ತೆರೆದುಕೊಂಡಾಗ ಗಂಡ ಅವಳ ತೋಳು ಹಿಡಿದು ನಿಲ್ಲಿಸಿದ. "ಇದರಲ್ಲಿ ಬೇಡ. ಬ್ರೇಕಿನ ಶಬ್ದ ಸರಿಯಿಲ್ಲ." ಜನ ಅವನನ್ನೇ ನೋಡಿದರು. ಇಬ್ಬರೂ ಮೆಟ್ಟಿಲು ಹತ್ತಿಕೊಂಡು ಹೋದರು. ಪ್ರತಿ ತಿರುವಿನಲ್ಲೂ ಅವನು, "ಸುಸ್ತಾಯ್ತಾ?" ಎಂದು ಕೇಳುತ್ತಿದ್ದ. ಸುಸ್ತಾದವನು ಅವನೇ.

ಡಾಕ್ಟರಮ್ಮ ಅವಳಿಗಿಂತ ಚಿಕ್ಕವಳು. ಪರೀಕ್ಷೆ ಮಾಡಿ ಕೈ ತೊಳೆದು ಬಂದು ಕೂತು, "ಗೊತ್ತಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಈಗ... ಒಂದು ವಾರ ಇರಬಹುದು."

"ಇಲ್ಲ ಡಾಕ್ಟ್ರೇ," ಎಂದ ಗಂಡ. "ಗಿಡ ತಂದಾಗಿಂದ."

"ಯಾವ ಗಿಡ?"

ಅವನು ಹಿಪ್ಪುನೇರಳೆ, ಚೆರ್ರಿ ಎಂದೆಲ್ಲ ಹೇಳಲು ಹೊರಟ. ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು. ಹೆಂಡತಿ ತಲೆ ತಗ್ಗಿಸಿ, "ಎರಡು ತಿಂಗಳ ಮೇಲಾಯ್ತು," ಎಂದಳು. ಡಾಕ್ಟರಮ್ಮ ಬೈಯುತ್ತಾಳೆ ಎಂದುಕೊಂಡಿದ್ದಳು. ಬೈಯಲಿಲ್ಲ. ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ಸ್ಕ್ಯಾನನ್ನೂ ಮಾಡಿಸುತ್ತೇವೆ, ಫಲಿತಾಂಶ ಬರಲು ಕೆಲವು ದಿನ ಹಿಡಿಯುತ್ತದೆ ಎಂದಷ್ಟೇ ಹೇಳಿದಳು.

ಆ ಕೆಲವು ದಿನಗಳು ಮುಂಚಿನ ಎರಡು ತಿಂಗಳಿಗಿಂತ ಉದ್ದವಾಗಿದ್ದವು. ಮುಂಚೆ ಹೆದರಿಕೆ ಅವಳೊಬ್ಬಳ ಸ್ವತ್ತಾಗಿತ್ತು. ಬೇಕೆಂದಾಗ ಹೊರತೆಗೆದು, ಬೇಡವೆಂದಾಗ ಮುಚ್ಚಿಡಬಹುದಿತ್ತು. ಈಗ ಅದು ಮನೆಯ ತುಂಬ ಓಡಾಡುತ್ತಿತ್ತು. ಗಂಡ ಅಂಗಡಿಗೆ ಫೋನು ಮಾಡಿ ಊಟ ಆಯ್ತಾ ಎಂದು ಕೇಳುತ್ತಿದ್ದ. ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯೊಳಗಿಂದ ಕರೆ ಮಾಡಿ, ನೋವಿದೆಯಾ ಎನ್ನುತ್ತಿದ್ದ. ಅವಳ ಕೈಯಿಂದ ಬಿಂದಿಗೆ ಕಸಿದುಕೊಳ್ಳುತ್ತಿದ್ದ. ಹಾಲು ಕುಡಿ, ಹಣ್ಣು ತಿನ್ನು, ಮಲಗು, ಎದ್ದೇಳು. ಫೋನು ಯಾರದ್ದು ಬಂದರೂ ಇಬ್ಬರೂ ಒಟ್ಟಿಗೆ ಬೆಚ್ಚಿಬೀಳುತ್ತಿದ್ದರು. ಒಂದು ಮಧ್ಯಾಹ್ನ ಅವನು ಮೂರನೆಯ ಸಲ ದಿಂಬು ಸರಿಮಾಡಲು ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ರೀ, ದಯವಿಟ್ಟು. ನನಗೂ ನೀರು ಹಾಕಿ ಹಾಕಿ ಕೊಳೆಸಬೇಡಿ."

ಅವನು ದಿಂಬು ಹಿಡಿದುಕೊಂಡು ನಿಂತ. ಆಮೇಲೆ ಅದನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟು ಹೊರಗೆ ಹೋದ. ಸ್ಕೂಟರಿನ ಪಕ್ಕ ಕೂತು, ಸರಿಯಿದ್ದ ಬ್ರೇಕನ್ನು ಬಿಚ್ಚಿ ಮತ್ತೆ ಜೋಡಿಸಿದ.

ಫಲಿತಾಂಶ ಹೇಳುವಾಗ ಡಾಕ್ಟರಮ್ಮ ಸುತ್ತಿಬಳಸಲಿಲ್ಲ. "ಕ್ಯಾನ್ಸರ್ ಅಂತ ಬಂದಿದೆ. ಸ್ಕ್ಯಾನಿನಲ್ಲಿ ನೋಡಿದ ಮಟ್ಟಿಗೆ ಬೇರೆ ಕಡೆ ಹರಡಿಲ್ಲ. ಆಪರೇಷನ್ ಮಾಡೋಣ, ಆಮೇಲೆ ಔಷಧಿ. ತಡ ಮಾಡೋದು ಬೇಡ."

"ಅವತ್ತೇ ಬಂದಿದ್ದರೆ?" ಎಂದಳು ಅವಳು.

"ಅದನ್ನ ನಾನೂ ಹೇಳಲಾರೆ, ನೀವೂ ಕೇಳಬೇಡಿ. ಇವತ್ತು ಬಂದಿದೀರಲ್ಲ."

ಮೆಟ್ಟಿಲು ಇಳಿಯುವಾಗ ಗಂಡ ಕೆಳಗಿನ ತಿರುವಿನಲ್ಲಿ ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟ. ಹತ್ತುವವರು, ಇಳಿಯುವವರು ಅವನನ್ನು ಬಳಸಿಕೊಂಡು ಹೋದರು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕಾದಳು. ಅವಳಿಗೆ ಆಗ ತನ್ನ ಚಿಂತೆಯಿರಲಿಲ್ಲ. ಮಗಳಿಗೆ ಹೇಗೆ ಹೇಳುವುದು ಎಂಬುದೊಂದೇ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು.

ಮಗಳು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಕೈಕೊಟ್ಟವು. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದಳು. ಚಾಕುವಿನ ಸದ್ದು ನಿಲ್ಲಲಿಲ್ಲ. ಕಾಯಿ ಮುಗಿದ ಮೇಲೂ ಮಗಳು ಹೆಚ್ಚಿದ ಚೂರುಗಳನ್ನೇ ಮತ್ತೆ ಹೆಚ್ಚುತ್ತಿದ್ದಳು.

"ಏನಾದ್ರೂ ಮಾತಾಡು ಪುಟ್ಟಿ."

"ಗಿಡ ಮಾರೋರಿಗೆ ಹೇಳಿದೀಯಂತೆ, ಅಪ್ಪ ಹೇಳಿದ್ರು." ಮಗಳು ಚಾಕು ಕೆಳಗಿಟ್ಟಳು. "ಯಾರೋ ಗಿಡ ಮಾರೋರಿಗೆ. ನನಗೆ ಹೇಳಿಲ್ಲ. ನನಗೆ ಕುಕ್ಕರ್ ಬಗ್ಗೆ ಹೇಳಿದೀಯ."

"ನಿನ್ನ ಪರೀಕ್ಷೆ..."

"ಹಾಳಾಗಿ ಹೋಗಲಿ ಪರೀಕ್ಷೆ!" ಮಗಳು ಎದ್ದು ಹೊರಟವಳು ಬಾಗಿಲ ತನಕ ಹೋಗಿ, ವಾಪಸು ಬಂದು, ಅಮ್ಮನ ಬಲ ಮಗ್ಗುಲಿಗೆ ತಲೆಯೊತ್ತಿಕೊಂಡಳು. ಎಡಗಡೆ ತಾಗದ ಹಾಗೆ ಹುಷಾರಾಗಿ. ಆ ಹುಷಾರಿಗೇ ಅವಳ ಎದೆ ಒಡೆದದ್ದು.

ಆಪರೇಷನ್ ಆಯಿತು. ಎಡಗಡೆಯನ್ನು ಪೂರ್ತಿ ತೆಗೆಯಬೇಕಾಯಿತು. ಕಂಕುಳಿನ ಕೆಲವು ಗಂಟುಗಳನ್ನೂ ತೆಗೆದರು. ಆಮೇಲೆ ಔಷಧಿ. ಒಂದೊಂದು ಸರದಿಗೂ ಒಂದೊಂದು ರುಚಿ ಸತ್ತಿತು, ಕೂದಲು ಹೋಯಿತು, ಉಗುರಿನ ಬಣ್ಣ ಹೋಯಿತು. ಮಗಳು ಮಾಡಿದ ಅನ್ನ ಕೆಲವು ದಿನ ಸೀದಿತ್ತು, ಕೆಲವು ದಿನ ಗಂಜಿಯಾಗಿತ್ತು. ಅವಳಿಗೆ ಎರಡರ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಗಂಡ ಬಟ್ಟೆ ಒಗೆಯಲು ನಿಂತು, ಗ್ರೀಸಿನ ಅಂಗಿಯ ಜೊತೆ ಮಗಳ ಬಿಳಿ ಯೂನಿಫಾರ್ಮನ್ನು ನೆನೆಹಾಕಿ ಬೂದಿ ಬಣ್ಣ ಮಾಡಿದ. ಅಪ್ಪ ಮಗಳಿಗೆ ಅದರ ಮೇಲೆ ದೊಡ್ಡ ಜಗಳವಾಯಿತು. ಹಾಸಿಗೆಯಲ್ಲಿ ಮಲಗಿದ್ದ ಅವಳು ಗೋಡೆಯಾಚೆಯ ಜಗಳವನ್ನು ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ಬಿಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ನಿಲ್ಲಿಸಿ ಚಹಾ ಮಾಡಿಕೊಂಡರು.

ಆ ದಿನಗಳಲ್ಲಿ ಯಾರೂ ಹಿತ್ತಲ ಕಡೆ ತಲೆಹಾಕಲಿಲ್ಲ. ಬಟ್ಟೆಯನ್ನೂ ಮುಂದಿನ ವರಾಂಡದಲ್ಲೇ ಒಣಹಾಕುತ್ತಿದ್ದರು. ಮಳೆ ಬಂತು, ಹೋಯಿತು. ಬಿಸಿಲು ಬಂತು. ಅವಳು ಗಿಡಗಳನ್ನು ನೆನೆಯಲಿಲ್ಲ. ನೆನೆಯುವುದಕ್ಕೆ ಬೇರೆ ಬೇಕಾದಷ್ಟಿತ್ತು.

ಔಷಧಿಯ ಸರದಿಗಳು ಮುಗಿದು ತಲೆಯ ಮೇಲೆ ಮಗುವಿನದರಂಥ ಕೂದಲು ಹುಟ್ಟಿಕೊಂಡಿದ್ದ ಒಂದು ಬೆಳಿಗ್ಗೆ ಹಿತ್ತಲಿನಿಂದ ಹಕ್ಕಿಗಳ ಗಲಾಟೆ ಕೇಳಿಸಿತು. ಮುಂದಿನ ವಾರ ಸ್ಕ್ಯಾನಿತ್ತು. ಅದು ಏನು ಹೇಳುತ್ತದೋ ಗೊತ್ತಿರಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಹಿಂಬಾಗಿಲು ತೆರೆದಳು.

ಮೊದಲು ಅದು ತನ್ನ ಹಿತ್ತಲು ಎಂದೇ ಅನ್ನಿಸಲಿಲ್ಲ. ಹಿಪ್ಪುನೇರಳೆ ಗೋಡೆಗಿಂತ ಎತ್ತರಕ್ಕೆ ಹೋಗಿ ಆಚೆಮನೆಯ ಕಡೆಗೂ ಕೈಚಾಚಿತ್ತು. ಚೆರ್ರಿ ಅಡ್ಡಾದಿಡ್ಡಿಯಾಗಿ ಹಬ್ಬಿ, ಬಟ್ಟೆಯ ತಂತಿಯನ್ನು ತನ್ನೊಳಗೆ ಎಳೆದುಕೊಂಡಿತ್ತು. ಎರಡರ ಬುಡದಲ್ಲೂ ಮೊಣಕಾಲೆತ್ತರದ ಹುಲ್ಲು. ಹಿಪ್ಪುನೇರಳೆಯ ಎಲೆಗಳ ಅಡಿಯಲ್ಲಿ ಹಸಿರು, ಕೆಂಪು, ಕಪ್ಪು ಹಣ್ಣುಗಳು ಒಂದೇ ಕಡ್ಡಿಯಲ್ಲಿ ಒಟ್ಟೊಟ್ಟಿಗೆ ಜೋತುಬಿದ್ದಿದ್ದವು. ನೆಲವೆಲ್ಲ ನೇರಳೆ ಕಲೆ.

ಗಂಡ ಹಿಂದೆ ಬಂದು ನಿಂತ. ಅವನೂ ಈಗಲೇ ನೋಡುತ್ತಿದ್ದ.

"ಯಾರೂ ನೋಡೇ ಇಲ್ಲವಲ್ಲೇ," ಎಂದ. "ಒಂದು ತೊಟ್ಟು ನೀರೂ ಹಾಕಿಲ್ಲ. ನಿನ್ನಾಣೆ."

ಅವಳು ಹುಲ್ಲಿನಲ್ಲಿ ಹೆಜ್ಜೆಯಿಟ್ಟುಕೊಂಡು ಗಿಡದ ಬಳಿಗೆ ಹೋದಳು. ಚೆನ್ನಾಗಿ ಕಪ್ಪಾದ ಹಣ್ಣುಗಳೆಲ್ಲ ಮೇಲಿನ ಕೊಂಬೆಯಲ್ಲಿದ್ದವು. ಅವನು ಲಗುಬಗೆಯಿಂದ ಮುಂದೆ ಬಂದು, ಕೊಂಬೆಯನ್ನು ಹಿಡಿದು ಅವಳ ಮುಖದ ಮಟ್ಟಕ್ಕೆ ಬಗ್ಗಿಸಿದ.

"ಬಿಡಿ."

"ನಿಂಗೆ ಎಟುಕಲ್ಲ ಕಣೇ."

"ಎಡಗೈ ಎತ್ತಿ ಎತ್ತಿ ಅಭ್ಯಾಸ ಮಾಡಿ ಅಂತ ಡಾಕ್ಟ್ರು ಹೇಳಿಲ್ವಾ? ಬಿಡಿ ಅಂದೆ."

ಅವನು ಕೊಂಬೆಯನ್ನು ಒಮ್ಮೆಲೇ ಬಿಡದೆ, ಹಣ್ಣು ಉದುರದ ಹಾಗೆ, ಕೈಯ ಜೊತೆಗೇ ಮೆಲ್ಲಗೆ ಮೇಲಕ್ಕೆ ಕಳಿಸಿದ. ಅದು ತುಸು ತೂಗಿ ನಿಂತಿತು. ಅವಳು ಎಡಗೈ ಎತ್ತಿದಳು. ಹೆಗಲಿನ ಮಟ್ಟಕ್ಕೆ ಬಂದಾಗ ಕಂಕುಳಿನಿಂದ ಬದಿಯವರೆಗೆ ಚರ್ಮ ಬಿಗಿದು ಎಳೆಯಿತು. ಕೈ ಅಲ್ಲೇ ನಿಂತಿತು. ಅವಳು ಉಸಿರು ಬಿಟ್ಟು, ಮತ್ತೆ ಎಳೆದುಕೊಂಡು, ಇನ್ನೂ ಒಂಚೂರು ಎತ್ತಿದಳು. ಬೆರಳ ತುದಿಗೂ ಹಣ್ಣಿಗೂ ನಡುವೆ ಒಂದು ಎಲೆಯಷ್ಟು ಜಾಗವಿತ್ತು.

ಅವನು ಅರ್ಧ ಹೆಜ್ಜೆ ಮುಂದೆ ಬಂದ. ನಿಂತ. ಆಮೇಲೆ ಅಷ್ಟೇ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡುಹೋಗಿ, ಒಂದರಿಂದ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ.